ಎರಡನೇ ಕಂಟ್ರೋಲರ್ ಕುರಿತು ಗೇಮ್ ಕನ್ಸೋಲ್ ಅವರಿಗೊಂದು ಮನವಿ

ಟಿವಿಯ ಎಡಮಗ್ಗುಲಲ್ಲಿ, ಮೊದಲು ಹೂದಾನಿಯಿದ್ದ ಜಾಗದಲ್ಲಿ ವಿರಾಜಮಾನರಾಗಿರುವ ಮಾನ್ಯ ಗೇಮ್ ಕನ್ಸೋಲ್ ಅವರ ಸನ್ನಿಧಿಗೆ.

ವಿಷಯ: ತಾವು ಗುಂಡಿ ಒತ್ತಿದ ಕೂಡಲೇ ಆನ್ ಆಗುವುದರಿಂದ ಒಂದು ಸಂಸಾರಕ್ಕೆ ಆಗುತ್ತಿರುವ ತೊಂದರೆ.

ಉಲ್ಲೇಖ: ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರುವ, ಒಂದು ಸಾಲು ಖಾಲಿ ಇರುವ ಅರ್ಜಿ.

ಮಾನ್ಯರೇ,

ತಮ್ಮ ಮೈಮೇಲೆ ಧೂಳು ಕೂರದಂತೆ ನನ್ನ ಹೆಂಡತಿ ದಿನಕ್ಕೆರಡು ಬಾರಿ ಮೆತ್ತನೆಯ ಬಟ್ಟೆಯಲ್ಲಿ ಒರೆಸುವುದನ್ನು ಕಣ್ಣಾರೆ ಕಾಣುತ್ತಿರುವುದರಿಂದ ತಮ್ಮ ಕ್ಷೇಮವನ್ನು ವಿಚಾರಿಸುವ ಅಗತ್ಯ ನನಗೆ ತೋರುತ್ತಿಲ್ಲ. ನನ್ನ ಕ್ಷೇಮವನ್ನು ತಾವಾಗಿಯೇ ವಿಚಾರಿಸುವಿರೆಂಬ ನಂಬಿಕೆಯೂ ಇಲ್ಲ. ಆದ್ದರಿಂದ ನಾನೇ ಹೇಳಿಬಿಡುತ್ತೇನೆ, ನಾನು ಚೆನ್ನಾಗಿಲ್ಲ.

ನನ್ನ ಪರಿಚಯ ತಮಗಿರಲಾರದು, ಏಕೆಂದರೆ ತಾವು ಈ ಮನೆಗೆ ಬಂದ ನಾಲ್ಕು ತಿಂಗಳಲ್ಲಿ ನಾನು ತಮ್ಮ ಕಡೆಗೆ ಬೆನ್ನು ಹಾಕಿಕೊಂಡೇ ಕೂತಿದ್ದೇನೆ. ನಡುಮನೆಯ ಮೂಲೆಯಲ್ಲಿ ಮೇಜಿನ ಕೆಳಗೆ ತಲೆ ತೂರಿಸಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡಿರುವ ಒಬ್ಬ ವ್ಯಕ್ತಿಯ ಅಂಗಾಲುಗಳನ್ನು ತಾವು ಗಮನಿಸಿದ್ದರೆ, ಅವು ನನ್ನವು. ವೃತ್ತಿಯಿಂದ ನಾನು ಗಡಿಯಾರ ರಿಪೇರಿಯವನು. ನನ್ನ ಕೈಗೆ ಬಂದ ಯಾವ ಗಡಿಯಾರವೂ ರಿಪೇರಿಯಾದ ಮೇಲೆ ಏಳು ದಿನ ನನ್ನ ಗೋಡೆಯ ಮೊಳೆಗೆ ತೂಗಿಕೊಂಡು, ಒಂದು ಸೆಕೆಂಡೂ ಹಿಂದೆ ಮುಂದೆ ಆಗದೆ ನಡೆದು ತೋರಿಸದ ಹೊರತು ಯಜಮಾನರ ಕೈ ಸೇರುವುದಿಲ್ಲ. ಇಪ್ಪತ್ತೇಳು ವರ್ಷಗಳಿಂದ ಈ ನಿಯಮವನ್ನು ಮುರಿದಿಲ್ಲ, ರಿಪೇರಿ ಚೀಟಿಯ ಮೇಲೆ ಒಂದು ಸುಳ್ಳನ್ನೂ ಬರೆದಿಲ್ಲ.

ಮದುವೆಯಾದ ಹೊಸದರಲ್ಲಿ ನಮ್ಮ ಮನೆಯಲ್ಲಿ ತಮ್ಮ ವಂಶದ ಹಿರಿಯರೊಬ್ಬರಿದ್ದರು. ಯಾರೋ ಆಡಿ ಬಿಟ್ಟ ಹಳೆಯ ಟಿವಿ ಗೇಮು, ಅದಕ್ಕೆ ಎರಡು ಕಂಟ್ರೋಲರು, ಅವುಗಳಲ್ಲಿ ಒಂದರ ತಂತಿ ಗಿಡ್ಡ. ತಂತಿ ಗಿಡ್ಡವಾದ್ದರಿಂದ ನಾನೂ ಹೆಂಡತಿಯೂ ಅಂಟಿಕೊಂಡೇ ಕೂರಬೇಕಾಗುತ್ತಿತ್ತು, ಮತ್ತು ಆ ತಂತಿಯನ್ನು ಉದ್ದ ಮಾಡುವುದು ನನಗೆ ಐದು ನಿಮಿಷದ ಕೆಲಸವಾಗಿದ್ದರೂ ಹನ್ನೊಂದು ವರ್ಷ ನನಗದು ನೆನಪೇ ಆಗಲಿಲ್ಲ. ಭಾನುವಾರದ ಊಟಕ್ಕೂ ಸಂಜೆಯ ಚಹಾಕ್ಕೂ ನಡುವಿನ ಹೊತ್ತು ನಮ್ಮಿಬ್ಬರದೇ ಆಗಿತ್ತು. ಆ ಹಿರಿಯರು ಹೊಗೆಯುಗುಳಿ ಕಣ್ಣು ಮುಚ್ಚಿದ ದಿನ, ಇದಕ್ಕಿಂತ ನೂರು ಪಾಲು ಒಳ್ಳೆಯದನ್ನು ನಾನೇ ಕಟ್ಟಿಕೊಡುತ್ತೇನೆಂದು ಹೆಂಡತಿಗೆ ಮಾತು ಕೊಟ್ಟು, ಬಿಡಿಭಾಗಗಳನ್ನು ಒಂದೊಂದಾಗಿ ತಂದು ಒಂದು ಗೇಮಿಂಗ್ ಪಿಸಿ ಕಟ್ಟಲು ಕೂತೆ. ಅದಾಗಿ ಎಂಟು ತಿಂಗಳಾಯಿತು, ನಾನಿನ್ನೂ ಕೂತೇ ಇದ್ದೇನೆ.

ನನ್ನ ಪಿಸಿಯ ಬಗ್ಗೆ ತಾವು ಹಗುರವಾಗಿ ಯೋಚಿಸಬಾರದು. ಅದರ ಚಿತ್ರದಲ್ಲಿ ಹುಲ್ಲಿನ ಎಸಳನ್ನೂ ಎಣಿಸಬಹುದು, ನಾನು ಎಣಿಸಿದ್ದೇನೆ. ಅದನ್ನು ಬಿಚ್ಚಬಹುದು, ಬೇಡವಾದದ್ದನ್ನು ಕಿತ್ತು ಹೊಸದನ್ನು ಕೂರಿಸಬಹುದು, ಆಟದೊಳಗಿನ ಕುದುರೆಗೆ ಬೇಕಾದರೆ ಟೋಪಿ ಹಾಕಬಹುದು, ಆಟವಾಡದಿದ್ದಾಗ ಅದರಲ್ಲೇ ಅಂಗಡಿಯ ರಸೀದಿಯನ್ನೂ ತಯಾರಿಸಬಹುದು. ಕಡಿಮೆ ಬೆಲೆಗೆ ಸಿಕ್ಕಾಗಲೆಲ್ಲ ಕೊಂಡಿಟ್ಟ ನೂರಾ ಹನ್ನೆರಡು ಆಟಗಳು ಅದರಲ್ಲಿವೆ, ಅವುಗಳಲ್ಲಿ ಒಂದನ್ನು ನಾನು ಶುರು ಕೂಡ ಮಾಡಿದ್ದೇನೆ. ತಮ್ಮನ್ನೋ ಬಿಚ್ಚುವಂತಿಲ್ಲ, ಬದಲಾಯಿಸುವಂತಿಲ್ಲ, ತಮ್ಮ ಒಂದೊಂದು ಆಟದ ಬೆಲೆ ಕೇಳಿದರೆ ಮೈ ಬಿಸಿಯಾಗುತ್ತದೆ, ತಮ್ಮ ಬೆನ್ನಿನ ಮೇಲೋ ಮುಟ್ಟಿದರೆ ವಾರಂಟಿ ಇಲ್ಲವೆಂಬ ಸ್ಟಿಕ್ಕರು ಅಂಟಿದೆ. ಗಡಿಯಾರ ರಿಪೇರಿಯವನ ಮನೆಗೆ ಬಂದು ಅಂಥ ಸ್ಟಿಕ್ಕರನ್ನು ಪ್ರದರ್ಶಿಸುವ ತಮ್ಮ ಧೈರ್ಯವನ್ನು ಮೆಚ್ಚಲೇಬೇಕು.

ಇಷ್ಟೆಲ್ಲ ಇದ್ದೂ ನನ್ನ ಪಿಸಿಯಲ್ಲಿ ಯಾರೂ ಆಡದಿರುವುದಕ್ಕೆ ಒಂದೇ ಕಾರಣ, ಅದು ಇನ್ನೂ ಏಳು ದಿನ ಪೂರೈಸಿಲ್ಲ. ಪರದೆಯ ಮೂಲೆಯಲ್ಲಿ, ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತಿದೆ ಎಂದು ಹೇಳುವ ಒಂದು ಸಂಖ್ಯೆ ಇರುತ್ತದೆ. ಅದು ನೂರಾ ನಲವತ್ನಾಲ್ಕು ಇರಬೇಕು. ನೂರಾ ನಲವತ್ಮೂರಾದರೆ ಸೆಕೆಂಡಿನ ಜೊತೆ ಇಪ್ಪತ್ತೇಳು ವರ್ಷ ಬಾಳಿದ ನಾನು ಹೇಗೆ ಸುಮ್ಮನಿರಲಿ? ಮತ್ತೆ ಬಿಚ್ಚುತ್ತೇನೆ, ಮತ್ತೆ ಒಂದನೇ ದಿನದಿಂದ ಎಣಿಸುತ್ತೇನೆ. ನಾನು ಸಂಖ್ಯೆಯನ್ನೇ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿರುವುದರಿಂದ ಆಟದೊಳಗಿನ ನನ್ನ ವೀರಯೋಧ ಆರು ತಿಂಗಳಿನಿಂದ ಒಂದು ಹಳ್ಳಿಯ ಹೆಬ್ಬಾಗಿಲಲ್ಲಿ ನಿಂತಿದ್ದಾನೆ, ಮತ್ತು ಅಲ್ಲಿನ ಕಾವಲುಗಾರ ಪ್ರತಿ ನಿಮಿಷಕ್ಕೊಮ್ಮೆ, ಬನ್ನಿ, ತಮಗಾಗಿಯೇ ಕಾಯುತ್ತಿದ್ದೆವು ಎನ್ನುತ್ತಿದ್ದಾನೆ. ಒಂದು ದಿನ ಹೆಂಡತಿ ತರಕಾರಿ ಹೆಚ್ಚುತ್ತಾ, "ಪಾಪ ರೀ, ಅವನಿಗಾದ್ರೂ ಒಂದು ಕುರ್ಚಿ ಹಾಕಿ" ಎಂದಳು. ಮರುವಾರವೇ ತಮ್ಮನ್ನು ಕರೆತಂದಳು.

ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು, ಕೆಮ್ಮುವವರ ನಡುವೆ ಮಾತ್ರೆ ಎಣಿಸಿ ಬರುವ ಅವಳಿಗೆ ನನ್ನ ಪಿಸಿಯ ಡ್ರೈವರ್ ಸಾಫ್ಟ್‌ವೇರು ಅಪ್‌ಡೇಟ್ ಆಗುವವರೆಗೆ ಕಾಯುವ ತಾಳ್ಮೆ ಇರಲಿಲ್ಲವೆಂದು ನಾನು ಅರ್ಥ ಮಾಡಿಕೊಳ್ಳಬಲ್ಲೆ. "ನಿಮ್ಮದು ಸರಿಹೋಗೋವರೆಗೂ ಇದಿರಲಿ ಬಿಡಿ" ಎಂದು ಅವಳು ಬಲು ಮೃದುವಾಗಿ ಹೇಳಿದ್ದನ್ನು ಮಾತ್ರ ಅರಗಿಸಿಕೊಳ್ಳಲು ಇಂದಿಗೂ ಆಗಿಲ್ಲ. ತಾವಾದರೂ ಹೊಸಬರೆಂಬ ಸಂಕೋಚದಿಂದ ಒಂದೆರಡು ದಿನ ಮೊಂಡಾಟ ಮಾಡಬಹುದಿತ್ತು. ತಾವೋ, ಒಂದು ತಂತಿ ಟಿವಿಗೆ, ಇನ್ನೊಂದು ಗೋಡೆಗೆ ಸಿಕ್ಕಿಸಿದ್ದೇ ತಡ, ಹದಿನೇಳು ಸೆಕೆಂಡಿನಲ್ಲಿ ಸಂಗೀತ ಸಮೇತ ಎದ್ದು ಕೂತಿರಿ. ನಾನು ಗಡಿಯಾರ ಹಿಡಿದು ನೋಡಿದ್ದೇನೆ.

ಅಷ್ಟಕ್ಕೇ ನಿಂತಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಹೆಂಡತಿಯ ತಾಯಿ, ಅಂದರೆ ನನ್ನ ಅತ್ತೆಯವರು, ಮೂವತ್ತೆರಡು ವರ್ಷ ಶಾಲೆಯಲ್ಲಿ ಪಿ.ಟಿ. ಟೀಚರಾಗಿದ್ದವರು. ಮಂಡಿಯ ಆಪರೇಷನ್ ಆದ ಮೇಲೆ ಹದಿನೈದು ದಿನ ವಿಶ್ರಾಂತಿಗೆಂದು ಬಂದ ಅವರು, ತಮ್ಮ ದರ್ಶನವಾದ ಮೇಲೆ ಆ ಹದಿನೈದು ದಿನವನ್ನು ನಾಲ್ಕು ತಿಂಗಳಿಗೆ ಎಳೆದಿದ್ದಾರೆ. ನನ್ನ ಪಿಸಿಯಲ್ಲಿ ಆಡಲು ಕೀಬೋರ್ಡಿನ ಮೇಲೆ ಎಂಟು ಬೆರಳು ಹರಡಬೇಕೆಂದು ನಾನು ವಿವರಿಸಿದಾಗ, "ನಾನೇನು ಹಾರ್ಮೋನಿಯಂ ಕಲೀಬೇಕಾ?" ಎಂದು ಎದ್ದು ಹೋದವರು, ತಮ್ಮ ಕಂಟ್ರೋಲರನ್ನು ಮಾತ್ರ ಹುಟ್ಟಿನಿಂದಲೇ ಬಂದದ್ದೋ ಎಂಬಂತೆ ಹಿಡಿದುಬಿಟ್ಟರು. ಈಗ ಕೊರಳಿಗೆ ಹಳೆಯ ಸೀಟಿ ನೇತುಹಾಕಿಕೊಂಡು, ಮಗಳ ಪಕ್ಕ ಸೋಫಾದಲ್ಲಿ ಕೂತು, ಫುಟ್‌ಬಾಲ್ ಆಡುತ್ತಾರೆ. ಪರದೆಯ ಮೇಲಿನ ಆಟಗಾರ ಎಡವಿದರೆ, "ಏಯ್ ಏಳನೇ ನಂಬರ್, ಬೆಳಿಗ್ಗೆ ತಿಂಡಿ ತಿಂದಿದ್ಯೋ ಇಲ್ವೋ?" ಎಂದು ಗದರುತ್ತಾರೆ, ಅವನು ಮುಂದಿನ ನಿಮಿಷದಲ್ಲೇ ಗೋಲು ಹೊಡೆಯುತ್ತಾನೆ. ಭಾನುವಾರದ ಊಟಕ್ಕೂ ಚಹಾಕ್ಕೂ ನಡುವಿನ ಹೊತ್ತಿನಲ್ಲಿ ಈಗ ಸೀಟಿಯ ಸದ್ದು ಕೇಳಿಸುತ್ತದೆ.

ಇನ್ನು ಉಲ್ಲೇಖದ ಅರ್ಜಿಯ ವಿಚಾರ. ನಮ್ಮ ವಸತಿ ಸಂಘದವರು ಮುಂದಿನ ತಿಂಗಳು ಕನ್ಸೋಲ್ ಫುಟ್‌ಬಾಲಿನ ಜೋಡಿ ಪಂದ್ಯ ಇಟ್ಟಿದ್ದಾರೆ. ಅರ್ಜಿಯಲ್ಲಿ ಆಟಗಾರ ಒಂದು ಎಂಬಲ್ಲಿ ಹೆಂಡತಿ ತನ್ನ ಹೆಸರು ಬರೆದು, ಆಟಗಾರ ಎರಡು ಎಂಬಲ್ಲಿ ಖಾಲಿ ಬಿಟ್ಟು, ಫ್ರಿಜ್ಜಿಗೆ ಅಂಟಿಸಿದ್ದಾಳೆ. ಆ ಖಾಲಿ ಸಾಲು ನನಗಾಗಿ ಬಿಟ್ಟದ್ದೋ, ಅತ್ತೆಯವರ ಹೆಸರನ್ನು ನನ್ನ ಕಣ್ಣೆದುರು ಬರೆಯಲು ಮನಸ್ಸಾಗದೆ ಬಿಟ್ಟದ್ದೋ ಎಂದು ತಿಳಿಯದೆ, ನಾನು ದಿನಕ್ಕೆ ಹತ್ತು ಸಲ ಬಾಯಾರಿಕೆಯ ನೆಪದಲ್ಲಿ ಫ್ರಿಜ್ಜಿನ ಬಳಿ ಹೋಗಿ ನೀರು ಕುಡಿದು ಬರುತ್ತಿದ್ದೇನೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಆ ಸಾಲು ಬೇಕು. ಬಾಯಿಬಿಟ್ಟು ಕೇಳೋಣವೆಂದರೆ, ನಿಮ್ಮದು ಸರಿಹೋಯಿತಾ ಎಂದು ಅವಳು ಕೇಳಿಬಿಟ್ಟಾಳೆಂಬ ಭಯ.

ಆದಕಾರಣ ತಾವು ದಯಮಾಡಿ ವಾರಕ್ಕೆರಡು ಬಾರಿಯಾದರೂ, ಶನಿವಾರ ಭಾನುವಾರವಾದರೆ ಉತ್ತಮ, ಕಾರಣವಿಲ್ಲದೆ ಕೆಟ್ಟು ನಿಲ್ಲಬೇಕೆಂದೂ, ಕೆಟ್ಟಾಗ ಪರದೆಯ ಮೇಲೆ ಅರ್ಥವಾಗದ ಇಂಗ್ಲಿಷು ಅಕ್ಷರಗಳ ಕೆಳಗೆ 'ಮನೆಯ ಗಡಿಯಾರ ರಿಪೇರಿಯವರನ್ನು ಕೂಡಲೇ ಸಂಪರ್ಕಿಸಿ' ಎಂದು ತೋರಿಸಬೇಕೆಂದೂ, ಕೊರಳಲ್ಲಿ ಸೀಟಿಯಿರುವವರು ಕೈಗೆತ್ತಿಕೊಂಡ ಕೂಡಲೇ ಎರಡನೇ ಕಂಟ್ರೋಲರಿನ ಚಾರ್ಜು ಮುಗಿಯುವಂತೆ ಏರ್ಪಾಟು ಮಾಡಬೇಕೆಂದೂ ಕೈಮುಗಿದು ಪ್ರಾರ್ಥಿಸುತ್ತೇನೆ. ಸಾಧ್ಯವಾದರೆ ಆ ಕಂಟ್ರೋಲರಿಗೆ ಒಂದು ತಂತಿ ಬೆಳೆಸಿಕೊಳ್ಳಿ. ಗಿಡ್ಡ ತಂತಿಯಾದರೆ ಸಾಕು.

ಇಲ್ಲಿಯವರೆಗೆ ಬರೆದು, ಟಿವಿಯ ಮೇಲ್ಗಡೆ ಗೋಡೆಗೆ ಅಂಟಿಸಲೆಂದು ಅಂಟು ಹುಡುಕುತ್ತಿದ್ದಾಗ ಸೋಫಾದ ಕಡೆಯಿಂದ ಸೀಟಿ ಕೇಳಿಸಿತಾಗಿ ಪತ್ರ ಹಾಗೇ ನಿಂತಿತು. ಅದಾಗಿ ಎಂಟು ದಿನ. ನಡೆದದ್ದನ್ನು ತಾವು ಬಲ್ಲಿರಿ, ಆದರೂ ಇದು ಬಹಿರಂಗ ಪತ್ರವಾದ್ದರಿಂದ ದಾಖಲಿಸುತ್ತೇನೆ.

ಅತ್ತೆಯವರ ಏಳನೇ ನಂಬರಿನ ಆಟಗಾರ ಯಾರೂ ಹೇಳದೆ ಎಡಗಡೆಗೆ ಓಡತೊಡಗಿದ್ದ. ಗೆರೆ ದಾಟಿದ, ಹೊರಗೆ ಹೋಗಿ ಜಾಹೀರಾತಿನ ಫಲಕಕ್ಕೆ ಮುಖವೊತ್ತಿಕೊಂಡು ಅಲ್ಲೇ ಓಡುತ್ತಿದ್ದ. ಅವನಿಗೆ ಹತ್ತು ಬಸ್ಕಿಯ ಶಿಕ್ಷೆ ವಿಧಿಸಿಯೂ ಫಲ ಕಾಣದೆ ಅತ್ತೆಯವರು ಕಂಟ್ರೋಲರನ್ನು ನನ್ನ ಕೈಗೆ ಹಾಕಿ, "ಅಳಿಯಂದ್ರೇ, ಇದು ನಿಮ್ಮ ಇಲಾಖೆ" ಎಂದರು. ನಾನು ಕಣ್ಣಿಗೆ ಮಸೂರ ಸಿಕ್ಕಿಸಿ, ಚಿಮಟ ಹಿಡಿದು, ಎಂಟು ತಿಂಗಳಲ್ಲಿ ಮೊದಲ ಸಲ ಎಲ್ಲರ ನಡುವೆ ಕೂತು ಕೆಲಸ ಮಾಡಿದೆ. ಎಡಗಡೆಯ ಸ್ಟಿಕ್ಕಿನ, ಅಂದರೆ ಆಟಗಾರನನ್ನು ಓಡಿಸುವ ಪುಟ್ಟ ಹಿಡಿಯ, ಬುಡದಲ್ಲಿ ಬಿಸ್ಕತ್ತಿನ ಒಂದು ಚೂರು ಸಿಕ್ಕಿಕೊಂಡಿತ್ತು. ತೆಗೆದು, ಒರೆಸಿ, ಮುಚ್ಚಿ, ಅಭ್ಯಾಸಬಲದಿಂದ, ಏಳು ದಿನ ನೋಡಿ ಆಮೇಲೆ ಕೊಡುತ್ತೇನೆ ಎಂದುಬಿಟ್ಟೆ.

"ನೋಡೋದು ಅಂದ್ರೆ? ಗೋಡೆಗೆ ನೇತು ಹಾಕ್ತೀರಾ? ಆಡಿ ನೋಡ್ಬೇಕು ಅಳಿಯಂದ್ರೇ, ಆಡದೆ ಹೇಗೆ ಗೊತ್ತಾಗುತ್ತೆ?" ಎಂದು ಅತ್ತೆಯವರು ಎದ್ದು ಒಂಟಿ ಕುರ್ಚಿಗೆ ಹೋಗಿ, ಸೋಫಾದ ಆ ಜಾಗವನ್ನು ತೋರಿಸಿದರು. ಹೀಗಾಗಿ, ಮಾನ್ಯರೇ, ನಾನು ಏಳು ದಿನ ವೃತ್ತಿಧರ್ಮದ ಪ್ರಕಾರ ಹೆಂಡತಿಯ ಪಕ್ಕದಲ್ಲಿ ಕೂತು ತಮ್ಮ ಕಂಟ್ರೋಲರನ್ನು ಪರೀಕ್ಷಿಸಿದೆ. ಹತ್ತೊಂಬತ್ತು ಪಂದ್ಯಗಳಲ್ಲಿ ಹದಿನೆಂಟರಲ್ಲಿ ನನ್ನಿಂದಲೇ ಸೋತೆವು, ಮೂರು ಗೋಲುಗಳನ್ನು ನಮ್ಮ ಕಡೆಗೇ ಹೊಡೆದೆ. ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ತಮ್ಮ ಪರದೆಯ ಮೂಲೆಯಲ್ಲಿ ಯಾವ ಸಂಖ್ಯೆಯೂ ಇಲ್ಲವೆಂಬುದು ನಾಲ್ಕನೆಯ ದಿನ ನನ್ನ ಗಮನಕ್ಕೆ ಬಂತು, ಬಂದದ್ದು ಮರೆತೂ ಹೋಯಿತು. ಬೆನ್ನ ಹಿಂದೆ ನನ್ನ ಪಿಸಿ ಅಪ್‌ಡೇಟ್ ಮುಗಿಸಿ, ಈಗಲೇ ಮರಳಿ ಶುರುಮಾಡಲೇ ಎಂದು ಕೇಳಿದಾಗ, ಆಮೇಲೆ ನೆನಪಿಸು ಎಂಬ ಗುಂಡಿಯನ್ನು ಜೀವಮಾನದಲ್ಲಿ ಮೊದಲ ಬಾರಿಗೆ ಒತ್ತಿದೆ.

ತಮ್ಮ ಕಂಟ್ರೋಲರು ಮೊದಲನೆಯ ದಿನವೇ ಸರಿಯಾಗಿತ್ತು. ಕೂದಲೆಳೆಯಷ್ಟೂ ದೋಷವಿರಲಿಲ್ಲ. ನಿನ್ನೆ ಏಳು ದಿನ ಮುಗಿದಾಗ ನಾನು ರಿಪೇರಿ ಚೀಟಿ ತೆಗೆದು, 'ಎಡಗಡೆಯ ಸ್ಟಿಕ್ಕು ಇನ್ನೂ ಅನುಮಾನ, ಮತ್ತೆ ೭ ದಿನ ಪರೀಕ್ಷೆ ಅಗತ್ಯ' ಎಂದು ಬರೆದು ಮೇಜಿನ ಮೇಲಿಟ್ಟೆ. ಇಂದು ಬೆಳಿಗ್ಗೆ ನೀರು ಕುಡಿಯಲು ಹೋದಾಗ ಆ ಚೀಟಿ ಫ್ರಿಜ್ಜಿನ ಮೇಲೆ ಅರ್ಜಿಯ ಪಕ್ಕದಲ್ಲಿತ್ತು. ಅರ್ಜಿಯಲ್ಲಿ ಆಟಗಾರ ಎರಡು ಎಂಬಲ್ಲಿ ಹಾಜರಿ ಪುಸ್ತಕದ ದುಂಡಕ್ಷರದಲ್ಲಿ ನನ್ನ ಹೆಸರಿತ್ತು, ಅದರ ಕೆಳಗೆ ಅಂಥ ಕಾಲಮ್ಮೇ ಇಲ್ಲದ ಜಾಗದಲ್ಲಿ 'ಕೋಚ್: ಅತ್ತೆ, ಅಭ್ಯಾಸ ಬೆಳಿಗ್ಗೆ ಆರಕ್ಕೆ' ಎಂದಿತ್ತು. ಚೀಟಿಯಲ್ಲಿ ನಾನು ಬರೆದ ಏಳರ ಪಕ್ಕದಲ್ಲಿ ಹೆಂಡತಿ, ಔಷಧಿ ಅಂಗಡಿಯ ಕೆಂಪು ಪೆನ್ನಿನಲ್ಲಿ, ಒಂದು ಸೊನ್ನೆ ಸೇರಿಸಿದ್ದಳು.

ಮೇಲಿನ ಪ್ರಾರ್ಥನೆಗಳನ್ನು ಹಿಂದಕ್ಕೆ ಪಡೆಯುತ್ತಾ, ಎಪ್ಪತ್ತು ದಿನಗಳ ಮಟ್ಟಿಗೆ,

ತಮ್ಮ ವಿಶ್ವಾಸಿ,
ಆಟಗಾರ ಎರಡು

ತಾ.ಕ.: ಕಂಟ್ರೋಲರನ್ನು ಮುಚ್ಚಿದ ಮೇಲೆ ನನ್ನ ಮೇಜಿನ ಮೇಲೆ ತಮ್ಮದೊಂದು ಸ್ಕ್ರೂ ಉಳಿದುಕೊಂಡಿದೆ. ಅದನ್ನು ಒಂದು ಡಬ್ಬಿಯಲ್ಲಿ ಜೋಪಾನವಾಗಿಟ್ಟಿದ್ದೇನೆ. ಪಂದ್ಯದ ದಿನ ತಾವು ಹದಿನೇಳು ಸೆಕೆಂಡಿನಲ್ಲೇ ಎದ್ದು ಕೂರುವಿರೆಂದು ನಂಬಿದ್ದೇನೆ. ಇಲ್ಲವಾದರೆ ತಮ್ಮ ಬೆನ್ನಿನ ಸ್ಟಿಕ್ಕರನ್ನು ಓದಲು ನನಗೆ ಬರುವುದಿಲ್ಲವೆಂದು ತಿಳಿಯತಕ್ಕದ್ದು.