ಆಹಾರವಿಧಿಯ ನಲವತ್ತು ಪುಟ

ನಮ್ಮ ಯಜಮಾನರಾದ ಧರ್ಮರಾಜರ ದೂರು ಇಷ್ಟೇ: ಸತ್ತು ಐದಾರು ನೂರು ವರ್ಷವಾದ ಮುನಿಗಳ ಊಟದ ಚಿಂತೆ ನನಗಿದೆ, ಬದುಕಿರುವ ಗಂಡನದಿಲ್ಲ. ದೂರು ಸುಳ್ಳಲ್ಲ. ಕಾಲೇಜಿನಿಂದ ನಿವೃತ್ತಳಾದ ಮೇಲೆ ಹನ್ನೊಂದು ವರ್ಷದಿಂದ ಯಾಪನೀಯರ ಬಗ್ಗೆ ಪುಸ್ತಕ ಬರೆಯುತ್ತಿದ್ದೇನೆ. (ಯಾಪನೀಯರೆಂದರೆ ಹಿಂದೆ ನಮ್ಮ ಸೀಮೆಯಲ್ಲಿದ್ದು, ಆಮೇಲೆ ಹೇಳಹೆಸರಿಲ್ಲದೆ ಹೋದ ಒಂದು ಜೈನ ಮುನಿಸಂಘ. ಹೆಂಗಸರಿಗೂ ಮೋಕ್ಷವುಂಟು, ಸರ್ವಜ್ಞನಾದವನಿಗೂ ಊಟವುಂಟು ಎಂದು ಹೇಳುವ ಧೈರ್ಯ ಮಾಡಿದವರು.)

"ಆಗ್ಲಿ ಬೇ, ನಿನಗ ಮೋಕ್ಷ ಆತು. ನನ್ನ ಹಸಿವಿಂದೇನು?" ಎಂದು ಯಜಮಾನರು ಕೇಳುತ್ತಾರೆ. ಆ ಸಂಘದ ಆಹಾರವಿಧಿಯ ಮೇಲೆ ನಲವತ್ತು ಪುಟ ಬರೆದಿರುವ ನಾನು ಅವರಿಗೆ ಒಲೆ ತೋರಿಸುತ್ತೇನೆ.

ಕಳೆದ ತಿಂಗಳು ಚಿಮ್ಮಡದ ಕಡೆಯಿಂದ ಒಬ್ಬ ದಿಗಂಬರ ಮುನಿಗಳು ನಡೆದು ಬಂದು ನಮ್ಮ ಓಣಿಯ ಬಸದಿಯಲ್ಲಿ ತಂಗಿದರು. ಅವರು ಉಣ್ಣುವುದು ದಿನಕ್ಕೆ ಒಂದೇ ಸಲ. ಅದಕ್ಕೂ ಮನಸ್ಸಿನಲ್ಲೇ ಒಂದು ಗುರುತು ಇಟ್ಟುಕೊಂಡು ಹೊರಡುತ್ತಾರೆ. ಅದು ಯಾರ ಬಾಗಿಲಲ್ಲಿ ಕಂಡಿತೋ ಅಲ್ಲೇ ಆಹಾರ, ಕಾಣದಿದ್ದರೆ ಉಪವಾಸ.

ಪಕ್ಕದ ಮನೆಯ ಶಾಂತವ್ವ ಎಂಟು ಗಂಟೆಗೇ ಮಡಿಯುಟ್ಟು ಬಂದಳು.

"ಅಕ್ಕಾರ, ಸ್ವಾಮಿಗೋಳಿಗೆ ನಿನ್ನೆ ಗುರುತು ಸಿಕ್ಕಿಲ್ರಿ, ಹಂಗ ಹೊಳ್ಳಿ ಹೋಗ್ಯಾರ. ಇವತ್ತ ನೀವೂ ಅಡಗಿ ಮಾಡಿ ಬಾಗಲಾಗ ನಿಂದರ್ರಿ. ಒಂದ್ ಮನಿ ಹೆಚ್ಚಾದಷ್ಟು ಛಲೋ."

"ನನಗ ಪುಸ್ತಕದ ಕೆಲಸ ಐತಿ."

"ಯಾತರ ಪುಸ್ತಕರಿ?"

"ಮುನಿಗಳದ್ದು."

ಶಾಂತವ್ವ ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ಮುಂದಿನ ಮನೆಗೆ ನಡೆದಳು.

ಹತ್ತು ಗಂಟೆಗೆ ಓಣಿಯುದ್ದಕ್ಕೂ ಜನ ಬಾಗಿಲಲ್ಲಿ ನಿಂತಿದ್ದರು. ಒಬ್ಬರ ಕೈಯಲ್ಲಿ ಕಳಸ, ಒಬ್ಬರ ಕೈಯಲ್ಲಿ ಹಣ್ಣು, ಎಲ್ಲರ ಬಾಯಲ್ಲಿ "ನಮೋಸ್ತು ಸ್ವಾಮೀ". ಅಡಿಟಿಪ್ಪಣಿಗೆ ಏನಾದರೂ ಸಿಕ್ಕೀತೆಂದು ನಾನೂ ಹೊರಬಂದೆ. ಹಿಂದೆಯೇ ಯಜಮಾನರು ಚಟ್ನಿಗೆ ತೆಂಗಿನಕಾಯಿ ಒಡೆಯಲು ಹೊಸ್ತಿಲಿಗೆ ಬಂದರು.

"ಏನ್ರೀ ಇದು! ಸ್ವಾಮಿಗಳು ಬರೂ ಹೊತ್ತಿನ್ಯಾಗ? ಕೊಡ್ರಿ ಕಾಯಿ!"

"ಉಳ್ಳಾಗಡ್ಡಿ ಒಲಿ ಮ್ಯಾಲ ಸೀಯಾಕತ್ತೈತಿ, ಬಿಡ ಬೇ!"

"ಬಿಡಂಗಿಲ್ಲ!"

ಒಂದು ಕಾಯಿ, ನಾಲ್ಕು ಕೈ. ಓಣಿಯ ನಮೋಸ್ತು ತಟ್ಟನೆ ನಿಂತಿತು. ತಿರುಗಿ ನೋಡಿದರೆ ಮುನಿಗಳು ನಮ್ಮೆದುರು ನಿಂತಿದ್ದಾರೆ! ಗಂಡಹೆಂಡಿರು ಕೂಡಿ ಒಂದೇ ಕಾಯಿ ಹಿಡಿದಿರಬೇಕು. ಅವರ ಅಂದಿನ ಗುರುತು ಅದೇ ಎಂದು ಆಮೇಲೆ ತಿಳಿಯಿತು.

ಈಗ ನಾನು ಅವರಿಗೆ ಮೂರು ಸುತ್ತು ಬಂದು, ಮನಸ್ಸು, ಮಾತು, ಮೈ, ಅನ್ನ, ನೀರು ಎಲ್ಲ ಶುದ್ಧವೆಂದು ಹೇಳಿ ಒಳಗೆ ಕರೆಯಬೇಕು. ಆ ಒಂದು ವಾಕ್ಯದ ಮೇಲೇ ಹನ್ನೆರಡು ಪುಟ ಬರೆದಿದ್ದೇನೆ. ಆದರೆ ಅನ್ನವಾಗಿಲ್ಲ, ನೀರು ಕಾಯಿಸಿಲ್ಲ, ಬರವಣಿಗೆಯ ಭರದಲ್ಲಿ ಸ್ನಾನವೂ ಆಗಿಲ್ಲ. ಮುನಿಗಳಿಗೆ ವರ್ಜ್ಯವಾದ ಈರುಳ್ಳಿಯ ವಾಸನೆ ಮಾತ್ರ ನನಗಿಂತ ಮೊದಲೇ ಅವರನ್ನು ಸ್ವಾಗತಿಸುತ್ತಿತ್ತು.

"ಅನ್ರಿ ಅಕ್ಕಾರ, ಅನ್ರಿ!" ಶಾಂತವ್ವ ಅಳುವ ದನಿಯಲ್ಲಿ ಪಿಸುಗುಟ್ಟಿದಳು.

ನಾನು ಅನ್ನಲಿಲ್ಲ. ಮುನಿಗಳು ಒಂದು ಕ್ಷಣ ಕಾದು, ಹೆಗಲಿಗೆ ಹಚ್ಚಿದ್ದ ಬಲಗೈ ಇಳಿಸಿ ಬಸದಿಗೆ ತಿರುಗಿದರು. ಆ ಕೈ ಇಳಿದರೆ ಅಂದಿನ ಆಹಾರ ಮುಗಿದಂತೆ. ಎರಡನೆಯ ದಿನದ ಉಪವಾಸ, ನನ್ನ ದೆಸೆಯಿಂದ.

ಸಂಜೆ ಕ್ಷಮೆ ಕೇಳಲು ಯಜಮಾನರೊಡನೆ ಬಸದಿಗೆ ಹೋದೆ. ಓಣಿಯ ಜನರೆಲ್ಲ ಕೂತಿದ್ದರು. ಆಗತಾನೇ ಜಮಖಂಡಿಯಿಂದ ಬಂದಿದ್ದ, ಬೆಳಗಿನದೇನೂ ಅರಿಯದ, ಬಸದಿ ಕಮಿಟಿಯ ಬಂಡು ಎಂಬವನು ನನ್ನನ್ನು ಕಂಡವನೇ ಎದ್ದು ನಿಂತ.

"ಸ್ವಾಮೀ, ಇವರು ನಮ್ಮೂರ ಹೆಮ್ಮೆರಿ! ಹಳೀ ಕಾಲದ ಮುನಿಗಳ ಆಹಾರದ್ದು ಎಲ್ಲಾ ಬಲ್ಲವರು!"

ಮುನಿಗಳು ನಿಜವಾದ ಕುತೂಹಲದಿಂದಲೇ ಕೇಳಿದರು: "ಹೌದೇನಮ್ಮಾ? ಅವರಿಗೆ ದಿನಾಲೂ ಆಹಾರ ಸಿಗತಿತ್ತೇನು?"

ನಲವತ್ತು ಪುಟಗಳ ಮೊದಲ ಸಾಲು ಹೇಳಲು ಬಾಯಿ ತೆರೆದೆ. ಉತ್ತರ ಹಿಂದಿನಿಂದ ಬಂತು.

"ವಿದ್ವಾಂಸರ ಮನಿ ಬಿಟ್ಟು ಮುಂದ ಹೋದ್ರ ಸಿಗತಿತ್ರಿ, ಸ್ವಾಮೀ" ಎಂದರು ನಮ್ಮ ಯಜಮಾನರು.

ಸಭೆ ನಕ್ಕಿತು. ಮುನಿಗಳೂ ನಕ್ಕರು. ಹನ್ನೊಂದು ವರ್ಷದ ನನ್ನ ಸಂಶೋಧನೆಯಲ್ಲಿ ಕಣ್ಣಾರೆ ಕಂಡ ಸಾಕ್ಷಿಗಳಿರುವ ಮಾತು ಅದೊಂದೇ.