ಕೋಮಲಳ ಅರ್ಧ ಗಂಟೆ

ಎಲ್ಲಕ್ಕೂ ಕಾರಣ ನಂಜನಗೂಡಿನ ಡಾಕ್ಟ್ರಮ್ಮ ಹೇಳಿದ ಅರ್ಧ ಗಂಟೆಯ ನಡಿಗೆ. ಆರು ತಿಂಗಳ ಬಸುರಿ ಕೋಮಲಳಿಗೆ ರಕ್ತದಲ್ಲಿ ಸಕ್ಕರೆ ಕೊಂಚ ಹೆಚ್ಚಿತ್ತು.

"ದಿನಾ ತಿಂಡಿ ಆದ್ಮೇಲೆ ಸಮನಾದ ರಸ್ತೇಲಿ ನಿಧಾನಕ್ಕೆ ನಡಿಯಮ್ಮ. ಏದುಸಿರು ಬಂದ್ರೆ ನಿಂತ್ಕೊ. ಹದಿನೈದು ದಿನದಲ್ಲಿ ಇಳೀದಿದ್ರೆ ದಿನಾ ಇಂಜೆಕ್ಷನ್ನೇ."

ಸೂಜಿ ಎಂದರೆ ಕೋಮಲ ಬಾಳೆಯ ಸುಳಿಯಂತೆ ನಡುಗುವವಳು.

ಅತ್ತೆ ಮುದ್ದಮ್ಮ ಹೌಹಾರಿದಳು. "ಬಸ್ರಿ ಬೀದಿ ಸುತ್ತದಾ?" ಹದಿನಾಲ್ಕು ದಿನ ಸೊಸೆಯನ್ನು ಹೊಸಿಲು ದಾಟಗೊಡಲಿಲ್ಲ. ಹದಿನೈದನೆಯ ಬೆಳಿಗ್ಗೆ ಮಗ ಗುರು ಗೋಗರೆದ ಮೇಲೆ ಬಿಟ್ಟಳು.

ಕೋಮಲ ಎರಡು ಇಡ್ಲಿ ತಿಂದು, ನೀರಿನ ಬಾಟಲಿ ಹಿಡಿದು ಹೆಡತಲೆ ಊರಿನ ಬೀದಿಗಿಳಿದಳು. ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಪಕ್ಕದ ಮನೆ ವೆಂಕಟಮ್ಮನ ಕೈಯಿಂದ ಪೊರಕೆ ಜಾರಿತು.

"ಯಾಕವ್ವ ಒಬ್ಳೇ ಹೊಂಟಿದ್ದೀಯ? ಅತ್ತೆ ಉಣ್ಣಕ್ಕಿಕ್ಲಿಲ್ವಾ?"

"ಇಲ್ಲ ಕಣಕ್ಕ, ಡಾಕ್ಟ್ರು ನಡಿ ಅಂದವ್ರೆ."

"ಬಸ್ರಿ ನನ್ ಬಾಗಿಲ ಮುಂದೆ ಬರೀ ಬಾಯಲ್ಲಿ ಹೋದ್ರೆ ನಮ್ಮನೆಗೆ ಒಳ್ಳೇದಾದದಾ? ತಕೊ."

ಬೇಡ ಎನ್ನಲು ಕೋಮಲ ಬಾಯಿ ತೆರೆದಳು. ತೆರೆದ ಬಾಯಿಗೆ ಕಜ್ಜಾಯ ಹೋಯಿತು.

ಎದುರು ಸಾಲಿನ ಸಣ್ಣಯ್ಯ ಜಗುಲಿಯಿಂದ ಇಳಿದೇ ಬಂದ. "ಅಲ್ಲಿ ತಿಂದು ಇಲ್ಲಿ ತಿನ್ದೆ ಹೋದ್ರೆ ನಾವೇನ್ ಬ್ಯಾರೆಯವ್ರಾ ಮಗ್ಳೇ?" ಎಂದು ಎರಡು ರಸಬಾಳೆ ಸುಲಿದ.

ಸುದ್ದಿ ಅವಳಿಗಿಂತ ಬಿರುಸಾಗಿ ನಡೆಯಿತು. ಮುಂದಿನ ಬಾಗಿಲುಗಳಲ್ಲಿ ತಟ್ಟೆ ಮೊದಲೇ ಕಾದಿತ್ತು. ತಂಬಿಟ್ಟು, ಒಬ್ಬಟ್ಟು, ಬೆಲ್ಲದ ಪಾನಕ. ಬೀದಿಯ ತುದಿ ಮುಟ್ಟುವಷ್ಟರಲ್ಲಿ ಕೋಮಲ ಕಬ್ಬು ಹೇರಿದ ಗಾಡಿಯಂತೆ ವಾಲುತ್ತಿದ್ದಳು.

ಅಂದೇ ನಂಜನಗೂಡಿನ ಆಸ್ಪತ್ರೆಯಲ್ಲಿ ಡಾಕ್ಟ್ರಮ್ಮ ರಕ್ತಪರೀಕ್ಷೆಯ ಚೀಟಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಇವತ್ತು ನಡೆದ್ಯಾ?"

"ನಡೆದೆ ಮೇಡಂ. ಮುಕ್ಕಾಲು ಗಂಟೆನೇ ಆಯ್ತು. ದಾರೀಲಿ ಒಸಿ..." ಇಡೀ ಬೀದಿಯವರ ಮೇಲೆ ಚಾಡಿ ಹೇಳುವುದು ಹೇಗೆ?

"ನಡೆದೇ ಇಷ್ಟಾದ್ರೆ, ನಡೀದಿದ್ರೆ ಎಷ್ಟಿರ್ತಿತ್ತು? ಇನ್ನೊಂದು ವಾರ ನೋಡ್ತೀನಿ. ನಾಳೆಯಿಂದ ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ನಡಿ. ಆಗ್ಲೂ ಇಳೀದಿದ್ರೆ ಇಂಜೆಕ್ಷನ್."

ಗಂಡ ಹೆಂಡತಿ ಬಸ್ಸಿಳಿದು ಬಂದಾಗ ಬೀದಿಯೆಲ್ಲ ಮುದ್ದಮ್ಮನ ಜಗುಲಿಯಲ್ಲಿತ್ತು.

"ಏನಂದ್ರಂತಪ್ಪ?"

"ದಿನಕ್ಕೆ ಎಲ್ಡು ಸಲ ನಡೀಬೇಕಂತೆ," ಎಂದ ಗುರು.

ಮೊದಲು ಮೇಲೆದ್ದವಳು ವೆಂಕಟಮ್ಮ.

"ಕೇಳುಸ್ತಾ ಸಣ್ಣಯ್ಯ? ಬೆಳಿಗ್ಗೆ ನಮ್ ಸಾಲು, ಸಂಜೆ ನಿಮ್ ಸಾಲು. ನಾನು ಕಜ್ಜಾಯಕ್ಕೆ ಅಕ್ಕಿ ನೆನೆಯಾಕ್ಬುಟ್ಟು ಬತ್ತೀನಿ."

ಕೋಮಲ ಮೆಲ್ಲಗೆ ರವಿಕೆಯ ತೋಳು ಮೇಲಕ್ಕೆ ಸರಿಸಿ, ಸೂಜಿ ಎಲ್ಲಿ ಚುಚ್ಚುತ್ತಾರೋ ಎಂದು ನೋಡಿಕೊಂಡಳು.