ಹಿಂದಕ್ಕೆ ಮುಖ ಮಾಡಿದ ಬಾಣ

ಈ ವೃತ್ತಾಂತವನ್ನು ನಿರೂಪಿಸುವಲ್ಲಿ ಲೋಪದೋಷಗಳೇನಾದರೂ ಕಂಡುಬಂದರೆ ಓದುಗರು ಕ್ಷಮಿಸಬೇಕು. ಗೊಬ್ಬೂರಿನ ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ತಪ್ಪನ್ನೂ ಕ್ರಮಬದ್ಧವಾಗಿಯೇ ಮಾಡುವುದು ನನ್ನ ರೂಢಿ.

ತಂಗಿ ರೇಣುಕಾಳಿಗೆ ಕಲಬುರಗಿಯಲ್ಲಿ ನರ್ಸಿಂಗ್ ಸೀಟು ದೊರೆತಿತ್ತು. ಅಂದು ಸಂಜೆ ಐದರೊಳಗೆ ಜಾಲತಾಣದಲ್ಲಿ ಒಪ್ಪಿಗೆ ಸೂಚಿಸದಿದ್ದರೆ ಅದು ಬೇರೆಯವರ ಪಾಲು.

"ನಾನಾ ಮಾಡ್ತೇನಿ, ಕೊಡಣ್ಣಾ," ಎಂದಳು ರೇಣುಕಾ.

"ಇದು ಪದವೀಧರರು ನಿರ್ವಹಿಸತಕ್ಕ ಕಾರ್ಯ," ಎಂದು ಮೊಬೈಲನ್ನು ನಾನೇ ಹಿಡಿದೆ.

ಅವ್ವ ಮೊಬೈಲಿಗೆ ಕುಂಕುಮ ಹಚ್ಚಿದಳು. "ಚೊಲೊ ಕೆಲಸಕ್ಕ ಹೊಂಟೀದಿ. ಹಿಂದಕ್ಕ ಹೊಳ್ಳಬ್ಯಾಡ ತಮ್ಮಾ."

ಮೂಢನಂಬಿಕೆಗೆ ನಾನು ಕಡುವಿರೋಧಿ. ಆದರೆ ಪ್ರಶ್ನೆ ತಂಗಿಯ ಭವಿಷ್ಯದ್ದು! ಬ್ರೌಸರಿನ ಮೂಲೆಯಲ್ಲಿ ಹಿಂದಕ್ಕೆ ಮುಖ ಮಾಡಿ ಕುಳಿತಿದ್ದ ಬಾಣವನ್ನು ಮುಟ್ಟಕೂಡದೆಂದು ನಿರ್ಣಯಿಸಿದೆ.

ಮೂರನೆಯ ಪುಟದಲ್ಲಿ 'ಒಪ್ಪಿಗೆ'ಯ ಬದಲು ಅದರ ಪಕ್ಕದ 'ಹಾಸ್ಟೆಲ್ ನಿಯಮಗಳು' ಒತ್ತಿಹೋಯಿತು. ಆ ಪುಟ ಕಟ್ಟಿದ ಪುಣ್ಯಾತ್ಮರು ಅದಕ್ಕೆ ಹೊರಬಾಗಿಲನ್ನೇ ಇಟ್ಟಿರಲಿಲ್ಲ. ಹಿಂದಕ್ಕೆ ಬರುವಂತಿಲ್ಲ, ಮುಂದಕ್ಕೆ ದಾರಿಯಿಲ್ಲ! ಎಲ್ಲವನ್ನೂ ಮುಚ್ಚಿ ಮೊದಲಿನಿಂದ ಆರಂಭಿಸಿದೆ.

ವಿಳಾಸವನ್ನು ಮತ್ತೆ ಟೈಪಿಸುವಾಗ ಒಂದಕ್ಷರ ತಪ್ಪಿ ಎಮ್ಮೆ ಮಾರಾಟದ ತಾಣ ತೆರೆಯಿತು.

"ಅಣ್ಣಾ, ಮ್ಯಾಲಿನ ಆ ನಕ್ಷತ್ರದ ಗುರುತು ಒತ್ತಿದ್ರ ವಿಳಾಸ ಅಲ್ಲೇ ಉಳೀತದ."

"ಕಾರ್ಯ ಮುಗಿಯುವ ಮುನ್ನ ಗುರುತು ಹಾಕುವುದು ಅಹಂಕಾರ!"

ಹೀಗೆ ಒಂದಲ್ಲ ಒಂದು ತಪ್ಪಾಗಿ ಮತ್ತೆ ಮತ್ತೆ ಮೊದಲಿನಿಂದ ಆರಂಭಿಸುತ್ತಲೇ ಇದ್ದೆ. ಪ್ರತಿ ಪ್ರವೇಶಕ್ಕೂ ಹೊಸ ಓಟಿಪಿ ಬೇಕು. ಅದು ಬರುತ್ತಿದ್ದುದು ಅಪ್ಪನ ಮೊಬೈಲಿಗೆ. ಅಪ್ಪ ಇದ್ದುದು ಅಫಜಲಪುರದ ಸಂತೆಯಲ್ಲಿ.

"ಮತ್ತ ನಂಬರ್ ಬಂತಲೇ! ಒಂದ ಸೀಟಿಗೆ ಎಷ್ಟ ಸಲ ಕದ ಬಡಿತೀಯೋ? ಇಲ್ಲಿ ಎತ್ತಿನ ಹಲ್ಲ ನೋಡಾಕತ್ತೇನಿ!" ಎಂದು ಅಪ್ಪ ಫೋನಿನಲ್ಲೇ ಗದರಿದ.

ಕೊನೆಗೆ ಜಾಲತಾಣವೂ ಬೇಸತ್ತಿತು: 'ಹಲವು ಬಾರಿ ಪ್ರವೇಶಿಸಿದ್ದೀರಿ. ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ.' ರೇಣುಕಾಳ ಕಣ್ಣಲ್ಲಿ ನೀರು. ಅದು ಮತ್ತೆ ತೆರೆಯುವ ವೇಳೆಗೆ ಐದಕ್ಕೆ ಹತ್ತೇ ನಿಮಿಷ. ಅವಸರದಿಂದ ಒತ್ತಿದೆ. ಪುನಃ ಹಾಸ್ಟೆಲ್ ನಿಯಮಗಳು!

ನಾನು ಮುಚ್ಚಲು ಹೊರಟಾಗ ರೇಣುಕಾ ಮೊಬೈಲ್ ಕಸಿದುಕೊಂಡಳು. "ಕಲಬುರಗಿಂದ ಬರೋವಾಗ ಬಸ್ಸಿನ್ಯಾಗ ನಮ್ಮೂರ ದಾಟಿದ್ರ ಮುಂದಿನ ಸ್ಟಾಪಿಗೆ ಇಳದು ಹೊಳ್ಳಿ ಬರ್ತಾರೋ, ಮತ್ತ ಕಲಬುರಗಿಗೇ ಹೋಗಿ ಹೊಸಾ ಟಿಕೀಟ್ ತಗಸ್ತಾರೋ?"

ಬಾಣ ಒತ್ತಿದಳು. ಹಿಂದಿನ ಪುಟ ಬಂತು. 'ಒಪ್ಪಿಗೆ' ಒತ್ತಿದಳು. ಸೀಟು ಖಾತ್ರಿಯಾಯಿತು!

ಅವ್ವನ ಆಜ್ಞೆಯನ್ನು ಪಾಲಿಸಿದ್ದಕ್ಕೇ ಹೀಗಾಯಿತೆಂದು ನಾನು ನಿವೇದಿಸಿಕೊಂಡೆ. ಅವ್ವ ಹಣೆ ಬಡಿದುಕೊಂಡಳು. "ಅಯ್ಯ, ಅದು ಹೊಸ್ತಿಲ ದಾಟಿ ಹೋಗೋರಿಗೆ! ನೀ ಎಲ್ಲಿಗಿ ಹೋಗಿದ್ದೆಪಾ? ಮುಂಜಾನಿಂದ ಹೊರಸಿನ ಮ್ಯಾಲ ಕುಂತೀದಿ!"

ರೇಣುಕಾ ಈಗ ಕಲಬುರಗಿಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಮನೆಯ ಆನ್‌ಲೈನ್ ವ್ಯವಹಾರಗಳನ್ನೆಲ್ಲ ಅಲ್ಲಿಂದಲೇ ಅವಳು ನೋಡಿಕೊಳ್ಳುತ್ತಾಳೆ. ಮೊಬೈಲನ್ನು ಚಾರ್ಜಿಗೆ ಹಾಕುವ ಹೊಣೆಯನ್ನು ಮಾತ್ರ ಪದವೀಧರನಾದ ನನಗೆ ವಹಿಸಲಾಗಿದೆ. ಅದೂ ಅವ್ವನ ಉಸ್ತುವಾರಿಯಲ್ಲಿ!